ಗಣೇಶನ ಚಂದಾಕ್ಕಿರುವ ಲೆಕ್ಕ ಪಕ್ಷದ ಚಂದಾಕ್ಕೆ ಯಾಕಿಲ್ಲ?

ಕುಮಾರಸ್ವಾಮಿ ಲೇಔಟ್‌ನ ನಮ್ಮ ರಸ್ತೆಯಲ್ಲಿ ಗಣೇಶ ಕೂರಿಸುವ ಹುಡುಗರು ಪ್ರತಿ ವರ್ಷ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ವಿಸರ್ಜನೆಯಾದ ಮೇಲೆ ಜಮಾ-ಖರ್ಚಿನ ಪಟ್ಟಿ ಪೆಂಡಾಲ್ ಪಕ್ಕದ ಗೋಡೆಗೆ ಅಂಟಬೇಕು, ಅದು ರೂಢಿ. ಒಂದು ವರ್ಷ ಅಂಟಲಿಲ್ಲ. ಮರುವರ್ಷ ಬಂದ ಹುಡುಗರನ್ನು ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ನಿಲ್ಲಿಸಿದರು. “ಹೋದ ವರ್ಷದ್ದು ಮೊದಲು ತೋರಿಸ್ರಪ್ಪ, ಈ ವರ್ಷದ್ದು ಆಮೇಲೆ ಕೇಳಿ.” ಸಂಜೆಯೊಳಗೆ ಪಟ್ಟಿ ಬಂತು. ಯಾರು ಐವತ್ತು ಕೊಟ್ಟರು, ಯಾರು ಐದು ಸಾವಿರ ಕೊಟ್ಟರು, ಮೈಕ್‌ಸೆಟ್ಟಿಗೆ ಎಷ್ಟು ಹೋಯಿತು, ಎಲ್ಲವೂ ಇತ್ತು.

ಪಿಎಚ್‌.ಡಿ. ಕೆಲಸಕ್ಕಾಗಿ ನಾನು ಓದುವುದು ಕಂಪನಿಗಳ ವಾರ್ಷಿಕ ವರದಿಗಳನ್ನು. ನೂರಾರು ಪುಟಗಳ ನಡುವೆ ಒಂದೇ ಒಂದು ಸಾಲು ಸಿಗುತ್ತದೆ: ರಾಜಕೀಯ ಪಕ್ಷಗಳಿಗೆ ದೇಣಿಗೆ, ಇಷ್ಟು ಕೋಟಿ. ಯಾವ ಪಕ್ಷಕ್ಕೆ? ಅದನ್ನು ಹೇಳಬೇಕಾಗಿಲ್ಲ ಎಂದು 2017ರಲ್ಲಿ ಕಾನೂನನ್ನೇ ಬದಲಿಸಿದರು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿಯನ್ನೂ ಕಿತ್ತುಹಾಕಿದರು. 2018ರಲ್ಲಿ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇವೆಲ್ಲವನ್ನೂ ರದ್ದುಮಾಡುವ ಹೊತ್ತಿಗೆ ಸುಮಾರು 16,500 ಕೋಟಿ ರೂಪಾಯಿಯ ಬಾಂಡ್‌ಗಳು ಮಾರಾಟವಾಗಿದ್ದವು. ಆ ಹೊತ್ತಿಗೆ ನಾನು ಎರಡು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿಯಾಗಿತ್ತು. ಮೂರು ಸಲವೂ ಕತ್ತಲಲ್ಲೇ.

ಹೆಸರು ಬಯಲಾದರೆ ಎದುರು ಪಕ್ಷದವರು ಸೇಡು ತೀರಿಸಿಕೊಳ್ಳುತ್ತಾರೆ ಎಂಬುದು ಗುಟ್ಟಿನ ಪರವಾದ ದೊಡ್ಡ ವಾದ. ಆದರೆ ಬಾಂಡ್ ಮಾರುತ್ತಿದ್ದದ್ದು ಸರ್ಕಾರಿ ಸ್ವಾಮ್ಯದ ಸ್ಟೇಟ್ ಬ್ಯಾಂಕ್. ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಸಂಖ್ಯೆ ಪ್ರತಿ ಬಾಂಡ್ ಮೇಲೂ ಇತ್ತು. ಕೊಟ್ಟವರಿಗೆ ಗೊತ್ತು, ಇಸಿದುಕೊಂಡವರಿಗೆ ಗೊತ್ತು, ಅಧಿಕಾರದಲ್ಲಿದ್ದವರು ಮನಸ್ಸು ಮಾಡಿದ್ದರೆ ತಿಳಿಯಬಹುದಿತ್ತು. ತಿಳಿಯದೇ ಉಳಿದದ್ದು ಮತದಾರರಿಗೆ ಮಾತ್ರ.

ಆ ಭಯಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ತನಗೆ ಬಾಂಡ್ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಿದ ಕೆಲವೇ ಪಕ್ಷಗಳಲ್ಲಿ ಜೆಡಿಎಸ್ ಒಂದು. 2024ರ ಮಾರ್ಚ್‌ನಲ್ಲಿ ಆ ವಿವರ ಹೊರಬಂದಾಗ ಇನ್ಫೋಸಿಸ್, ಬಯೋಕಾನ್, ಎಂಬೆಸಿ ಹೆಸರುಗಳು ಅದರಲ್ಲಿದ್ದವು. ಮೇಘಾ ಎಂಜಿನಿಯರಿಂಗ್ ಒಂದೇ 50 ಕೋಟಿ ಕೊಟ್ಟಿತ್ತು. ಕೊಟ್ಟದ್ದು ತಪ್ಪು ಎನ್ನುತ್ತಿಲ್ಲ, ಆಗ ಅದು ಕಾನೂನುಬದ್ಧ. ನಾನು ಕೇಳುವುದಿಷ್ಟೆ: ಹೆಸರು ಬಯಲಾದ ಮೇಲೆ ಯಾವ ಆಕಾಶ ಕಳಚಿಬಿತ್ತು? ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಯಾವ ಕಚೇರಿಗೆ ಬೀಗ ಬಿತ್ತು?

ಇನ್ನೊಂದು ಪ್ರಕರಣ ನಮ್ಮ ಬಡಾವಣೆಗೆ ಕೆಲವೇ ಕಿಲೋಮೀಟರ್ ದೂರದ್ದು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ಆದೇಶದಂತೆ ತಿಲಕ್‌ನಗರ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಇ.ಡಿ. ದಾಳಿಯ ಬೆದರಿಕೆ ಒಡ್ಡಿ ಕಂಪನಿಗಳಿಂದ ಬಾಂಡ್ ಮೂಲಕ ಹಣ ಸುಲಿದರು ಎಂಬುದು ಕೇಂದ್ರ ಹಣಕಾಸು ಸಚಿವರೂ ಸೇರಿದಂತೆ ಹಲವರ ಮೇಲಿನ ಆರೋಪ. ಡಿಸೆಂಬರ್ 3ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ಸುಲಿಗೆಯ ದೂರನ್ನು ಬೆದರಿಕೆಗೆ ಸಿಕ್ಕು ಸ್ವತ್ತು ಕಳೆದುಕೊಂಡವರು ಕೊಡಬೇಕು, ಇಲ್ಲಿನ ದೂರುದಾರರು ಏನನ್ನೂ ಕಳೆದುಕೊಂಡವರಲ್ಲ ಎಂಬುದು ಅದಕ್ಕೆ ಕಾರಣ. ಸುಲಿಗೆ ನಡೆದಿತ್ತೋ ಇಲ್ಲವೋ ನಾನು ಹೇಳಲಾರೆ, ತೀರ್ಪಿನ ಜೊತೆಗೂ ಜಗಳವಿಲ್ಲ. ಆದರೆ ಅದು ನಮ್ಮ ಸ್ಥಿತಿಯನ್ನು ಸ್ಪಷ್ಟವಾಗಿ ತೋರಿಸಿತು. ಕಂಪನಿ ಮತ್ತು ಪಕ್ಷದ ನಡುವಿನ ವ್ಯವಹಾರದಲ್ಲಿ ನಾಗರಿಕರು ಮೂರನೆಯವರು. ಆ ಹಣದಿಂದ ನೀತಿ ಬದಲಾದರೆ, ಟೆಂಡರ್ ತಿರುಗಿದರೆ, ನಷ್ಟ ನಮ್ಮದು. ದೂರು ಕೊಡಲು ಹೋದರೆ ಮಾತ್ರ ನಾವು ಯಾರೂ ಅಲ್ಲ. ಪೊಲೀಸ್ ಠಾಣೆಯ ದಾರಿ ನಮಗಿಲ್ಲದಿದ್ದರೆ ಉಳಿಯುವುದು ಮತಗಟ್ಟೆಯ ದಾರಿ. ಅಲ್ಲಿಗೆ ಹೋಗುವ ಮುಂಚೆ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಗೊತ್ತಿರಬೇಡವೇ?

ಬಾಂಡ್ ಹೋಯಿತಲ್ಲ, ಇನ್ನೇನು ಎನ್ನುವವರಿದ್ದಾರೆ. ಚುನಾವಣಾ ಟ್ರಸ್ಟ್‌ಗಳು ಉಳಿದಿವೆ. ಟ್ರಸ್ಟ್‌ಗೆ ಹಣ ಕೊಟ್ಟ ಕಂಪನಿ ತನ್ನ ಲೆಕ್ಕದಲ್ಲಿ ಆ ಮೊತ್ತವನ್ನಷ್ಟೇ ತೋರಿಸಿದರೆ ಸಾಕು ಎಂದು 2013ರ ಡಿಸೆಂಬರ್‌ನ ಕೇಂದ್ರ ಸುತ್ತೋಲೆ ಹೇಳುತ್ತದೆ. ಹತ್ತು ಕಂಪನಿಗಳ ಹಣ ಒಂದೇ ಹಂಡೆಗೆ ಬಿದ್ದು ನಾಲ್ಕು ಪಕ್ಷಗಳಿಗೆ ಹಂಚಿಹೋದರೆ, ಯಾರ ನೀರು ಯಾರ ಚೊಂಬಿಗೆ ಹೋಯಿತೆಂದು ಹೇಗೆ ಹೇಳುವುದು? ಪಕ್ಷಗಳು 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯ ವರದಿ ಕೊಡುವುದು ವರ್ಷಕ್ಕೊಮ್ಮೆ, ಅದೂ ಹಣಕಾಸು ವರ್ಷ ಮುಗಿದ ಮೇಲೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆಂದು ಏಪ್ರಿಲ್‌ನಲ್ಲಿ ಕೊಟ್ಟ ಹಣ 2024ರ ಮಾರ್ಚ್ ಕಳೆಯುವವರೆಗೆ ಆ ವರದಿಗೇ ಬರುವುದಿಲ್ಲ. ಮದುವೆ ಮುಗಿದು ವರ್ಷವಾದ ಮೇಲೆ ಜಾತಕ ತೋರಿಸಿದ ಹಾಗೆ.

ಆದ್ದರಿಂದ ಆಗಬೇಕಾದದ್ದು ಎರಡು ಕೆಲಸ. ಟ್ರಸ್ಟ್ ಮೂಲಕ ಹೋದರೂ ಕಂಪನಿ, ಪಕ್ಷ, ಮೊತ್ತ ಮೂರೂ ಒಂದೇ ಸಾಲಿನಲ್ಲಿ ಕಾಣಬೇಕು. ಚುನಾವಣೆ ಘೋಷಣೆಯಾದ ಮೇಲೆ ಬಂದ ಪ್ರತಿ ದೇಣಿಗೆಯೂ ಮತದಾನಕ್ಕೆ ಮೊದಲೇ, ದಿನಗಳ ಒಳಗೆ ಪ್ರಕಟವಾಗಬೇಕು. ಬಾಂಡ್ ವಿವರ ಕೊಡಲು ಜೂನ್ 30ರವರೆಗೆ ಸಮಯ ಬೇಕೆಂದಿದ್ದ ಸ್ಟೇಟ್ ಬ್ಯಾಂಕ್, 2024ರ ಮಾರ್ಚ್ 11ರಂದು ಕೋರ್ಟ್ ಗದರಿದ ಮರುದಿನವೇ ಕೊಟ್ಟಿತು. ಆಗುವುದಿಲ್ಲ ಎಂಬ ಮಾತಿನ ಬೆಲೆ ಅಷ್ಟೇ.

ಮತ ಕೇಳಲು ನಮ್ಮ ರಸ್ತೆಗೆ ಎಲ್ಲ ಪಕ್ಷದವರೂ ಬರುತ್ತಾರೆ. ಗೇಟಿನಲ್ಲಿ ಮೇಷ್ಟ್ರು ಇರುತ್ತಾರೆ. ಈ ಸಲ ಅವರ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಹೋದ ಸಲದ ಲೆಕ್ಕ ಮೊದಲು ತೋರಿಸ್ರಪ್ಪ.