ಬಂಡವಾಳ ಕಡಿಮೆಯಿರಲಿ, ಒಡೆತನ ಇರಲಿ

ಕೈಯಲ್ಲಿ ಕಾಸಿಲ್ಲದಿದ್ದರೆ ತಲೆ ಓಡುತ್ತದೆ ಎಂಬ ಮಾತು ಸಿನಿಮಾ ಮಂದಿಯಲ್ಲಿ ಹಳೆಯದು. ಭಯ ಹುಟ್ಟಿಸುವ ಚಿತ್ರಗಳ ಮಟ್ಟಿಗಂತೂ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ: ದೊಡ್ಡ ನಟರು ಬೇಡ, ಸೆಟ್ ಬೇಡ, ಕತ್ತಲೊಂದಿದ್ದರೆ ಸಾಕು. ಇದು ಅರ್ಧ ಸತ್ಯ. ಅದನ್ನೇ ಪೂರ್ತಿ ನಂಬಿದ ನಿರ್ದೇಶಕ ಒಂದು ಚಿತ್ರವನ್ನೇನೋ ಮಾಡಬಲ್ಲ, ಆದರೆ ಅದರಿಂದ ಬದುಕು ಕಟ್ಟಿಕೊಳ್ಳುವುದು ಕಷ್ಟ. ಅಮೆರಿಕದ ಜಾರ್ಜ್ ರೊಮೆರೊ ಅವರ ವೃತ್ತಿಜೀವನವೇ ಇದಕ್ಕೆ ಸಾಕ್ಷಿ.

ರೊಮೆರೊ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದವರು. ಹತ್ತು ಜನ ತಲಾ 600 ಡಾಲರ್ ಹಾಕಿ ಶುರುಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಮುಗಿಯುವಾಗ ಸುಮಾರು 1,14,000 ಡಾಲರ್ ಖರ್ಚಾಗಿತ್ತು. ಹಾಲಿವುಡ್‌ನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಕೆಡವಲಿಕ್ಕಿದ್ದ ತೋಟದ ಮನೆಯೇ ಸೆಟ್ ಆಯಿತು, ಚಾಕೊಲೇಟ್ ಸಿರಪ್ ರಕ್ತವಾಯಿತು. ದುಡ್ಡು ಹಾಕಿದವರಲ್ಲೊಬ್ಬರು ಮಾಂಸದ ವ್ಯಾಪಾರಿ. ಎದ್ದುಬಂದ ಹೆಣಗಳು ಬಾಯಿಗಿಡುವ ಕರುಳು ಬಂದದ್ದು ಅವರ ಕಡೆಯಿಂದ. ಕಪ್ಪು-ಬಿಳುಪಿನ ಆ ಒರಟುತನ ಆ ಕಾಲದ ಸುದ್ದಿಚಿತ್ರಗಳನ್ನು ನೆನಪಿಸುವಂತಿತ್ತು. ಬಡತನ ಇಲ್ಲಿ ಚಿತ್ರಕ್ಕೆ ನೆರವಾದದ್ದು ನಿಜ.

ಆದರೆ ಆ ಚಿತ್ರ ಉಳಿದದ್ದು ಸಿರಪ್ಪಿನಿಂದಲ್ಲ. ಕರಿಯ ನಟ ಡುವೇನ್ ಜೋನ್ಸ್ ಅದರ ನಾಯಕ. ಇಡೀ ರಾತ್ರಿ ಹೆಣಗಳೊಂದಿಗೆ ಹೋರಾಡಿ ಬದುಕುಳಿದವನನ್ನು ಬೆಳಗ್ಗೆ ಬಂದೂಕುಧಾರಿ ಬಿಳಿಯರ ಗುಂಪು ಹೆಣವೆಂದೇ ತಿಳಿದು ಕೊಲ್ಲುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ತೆರೆಗೆ ಬಂದ ಈ ಅಂತ್ಯವನ್ನು ನೋಡಿದವರು ಮರೆಯಲಾರರು. ದೊಡ್ಡ ಸ್ಟುಡಿಯೊ ಇದನ್ನು ಹಾಗೇ ಬಿಡುತ್ತಿರಲಿಲ್ಲ. ಇಲ್ಲಿ ‘ಆಗದು’ ಎನ್ನುವ ಯಜಮಾನರೇ ಇರಲಿಲ್ಲ. ಚಿತ್ರಕ್ಕೆ ಬಲ ಬಂದದ್ದು ಕೊನೆಯ ಮಾತು ನಿರ್ದೇಶಕನದೇ ಆಗಿದ್ದರಿಂದ.

ಕೊನೆಯ ಮಾತನ್ನು ಉಳಿಸಿಕೊಂಡ ತಂಡ ಒಡೆತನವನ್ನು ಕಳೆದುಕೊಂಡಿತು. ಚಿತ್ರದ ಮೊದಲ ಹೆಸರು ಬೇರೆ. ಹಂಚಿಕೆದಾರರು ಹೆಸರು ಬದಲಿಸಿದಾಗ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲಿಲ್ಲದ ಚಿತ್ರ ಎಲ್ಲರ ಸ್ವತ್ತು. ಟಿವಿ ವಾಹಿನಿಗಳು ತೋರಿಸಿದವು, ಕ್ಯಾಸೆಟ್ ಕಂಪನಿಗಳು ಮಾರಿದವು. ಮಾಡಿದವರಿಗೆ ಅದರಿಂದ ಬರಬೇಕಾದದ್ದು ಬರಲಿಲ್ಲ.

ಬಿಟ್ಟಿಯಾಗಿ ಹರಡಿದ್ದರಿಂದಲೇ ಚಿತ್ರ ಜಗತ್ಪ್ರಸಿದ್ಧವಾಯಿತಲ್ಲ ಎಂದು ಕೇಳುವವರಿದ್ದಾರೆ. ಪ್ರಸಿದ್ಧವಾದದ್ದು ಹೌದು. 1999ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೂ ಸೇರಿತು. ಆದರೆ ಕೀರ್ತಿ ಸಾಲ ತೀರಿಸುವುದಿಲ್ಲ. ನಂತರದ ಚಿತ್ರಗಳು ಸೋತಾಗ ರೊಮೆರೊ ಟಿವಿಗಾಗಿ ಕ್ರೀಡಾಪಟುಗಳ ಸಾಕ್ಷ್ಯಚಿತ್ರಗಳನ್ನು ಮಾಡಬೇಕಾಯಿತು. ಮೊದಲ ಚಿತ್ರದ ಗಳಿಕೆ ಕೈಸೇರಿದ್ದರೆ ಆ ವರ್ಷಗಳು ಬೇರೆಯೇ ಆಗಬಹುದಿತ್ತು.

ಮುಂದೆ ಅವರು ತಮ್ಮ ಸ್ವಾತಂತ್ರ್ಯವನ್ನು ಕಣ್ಣು ತೆರೆದುಕೊಂಡೇ ಕಾಪಾಡಿದರು. ‘ಡಾನ್ ಆಫ್ ದಿ ಡೆಡ್’ (1978) ಅನ್ನು ಮನ್ರೋವಿಲ್ ಮಾಲ್‌ನಲ್ಲಿ, ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯಿಡೀ ಚಿತ್ರಿಸಿದರು. ಕ್ರಿಸ್‌ಮಸ್ ಅಲಂಕಾರ ಬಂದಾಗ ಚಿತ್ರೀಕರಣವನ್ನೇ ನಿಲ್ಲಿಸಬೇಕಾಯಿತು. ರಕ್ತಪಾತದ ದೃಶ್ಯಗಳಿಗೆ ಕತ್ತರಿ ಹಾಕದೆ, ಪ್ರಮಾಣೀಕರಣವಿಲ್ಲದೆಯೇ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲಾಯಿತು, ಚಿತ್ರ ಗೆದ್ದಿತು. ‘ಡೇ ಆಫ್ ದಿ ಡೆಡ್’ (1985) ಸಂದರ್ಭದಲ್ಲಿ, ಪ್ರಮಾಣೀಕರಣದ ಮಿತಿಯೊಳಗೆ ಚಿತ್ರ ಮಾಡುವುದಾದರೆ ಹೆಚ್ಚು ಹಣ ಸಿಗುತ್ತಿತ್ತು. ಅವರು ಒಪ್ಪದೆ ಕಥೆಯನ್ನೇ ಚಿಕ್ಕದು ಮಾಡಿಕೊಂಡರು. ಆ ಬಡತನವನ್ನು ಯಾರೂ ಅವರ ಮೇಲೆ ಹೇರಲಿಲ್ಲ, ಅವರೇ ಆರಿಸಿಕೊಂಡರು. ಮೆಚ್ಚಬೇಕಾದದ್ದು ಆ ಆಯ್ಕೆಯನ್ನು.

ಆದ್ದರಿಂದ ಸ್ವತಂತ್ರ ನಿರ್ದೇಶಕನನ್ನು ಹೊಗಳುವಾಗ ಅವನ ಬರಿಗೈಯನ್ನು ಹೊಗಳುವುದನ್ನು ನಿಲ್ಲಿಸೋಣ. ಹಣದ ಕೊರತೆಯನ್ನು ಜಾಣತನದಿಂದ ತುಂಬಬಹುದು. ಹಕ್ಕು ಹೋದ ಮೇಲೆ ಯಾವ ಜಾಣತನವೂ ಅದನ್ನು ಮರಳಿ ತಾರದು. ಚಿತ್ರಕಥೆಗೆ ಎಷ್ಟು ತಿದ್ದುಪಡಿ ಮಾಡುತ್ತೇವೋ ಹಂಚಿಕೆಯ ಒಪ್ಪಂದಕ್ಕೂ ಅಷ್ಟು ಸಲ ಕಣ್ಣಾಡಿಸುವುದು ಕಲೆಗೆ ಬಗೆವ ದ್ರೋಹವಲ್ಲ. ಎರಡನೆಯ ಚಿತ್ರ ಮಾಡಲು ಇರುವ ದಾರಿಯೇ ಅದು.