ಹಳೆಯ ಲ್ಯಾಪ್‌ಟಾಪಿನ ಮರ್ಮ

ಲ್ಯಾಪ್‌ಟಾಪು ಮೂಲೆ ಸೇರಿತೆಂದ ಮಾತ್ರಕ್ಕೆ ಅದು ಕೆಟ್ಟುಹೋಯಿತೆಂದು ಅರ್ಥವಲ್ಲ. ಅನೇಕ ಮನೆಗಳಲ್ಲಿ ಅದರ ಮರ್ಮವನ್ನು ಬಲ್ಲವರಿರುವುದಿಲ್ಲ, ಅಷ್ಟೆ.

2008ರಲ್ಲಿ ಲೆನೊವೊ ಹೊರತಂದ ಥಿಂಕ್‌ಪ್ಯಾಡ್ ಎಕ್ಸ್200 ಇದಕ್ಕೊಂದು ನಿದರ್ಶನ. ಬೆರಳಾಡಿಸುವ ಟಚ್‌ಪ್ಯಾಡ್ ಇದರಲ್ಲಿಲ್ಲ. ಜಿ, ಎಚ್, ಬಿ ಕೀಲಿಗಳ ನಡುವಿನ ಕೆಂಪು ಗುಬುಟನ್ನು ಯಾವ ಕಡೆಗೆ ಮೆಲ್ಲನೆ ತಳ್ಳುವೆವೋ ಆ ಕಡೆಗೆ ತೆರೆಯ ಮೇಲಿನ ಬಾಣವು ಸರಿಯುತ್ತದೆ. ವೈ-ಫೈ ಸಿಗಲಿಲ್ಲವೆಂದು ಅಂಗಡಿಗೆ ಓಡುವ ಮುನ್ನ ಯಂತ್ರದ ಅಂಚುಗಳನ್ನು ಪರೀಕ್ಷಿಸಬೇಕು. ಅಲ್ಲಿರುವ ಪುಟ್ಟ ಸ್ವಿಚ್ಚು ಆಫ್ ಆಗಿದ್ದರೆ ಯಾವ ತಂತ್ರಾಂಶದಿಂದಲೂ ವೈ-ಫೈ ಎಚ್ಚರಗೊಳ್ಳದು. ಎಫ್‌ಎನ್ ಮತ್ತು ಪೇಜ್-ಅಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯ ಮೇಲಂಚಿನ ಕಿರುದೀಪ ಕೀಲಿಮಣೆಯನ್ನು ಬೆಳಗುತ್ತದೆ. ಮಲಗಿದವರ ನಿದ್ರೆಗೆ ಭಂಗ ಬಾರದಂತೆ ಮಗಳು ತನ್ನ ಟಿಪ್ಪಣಿಗಳನ್ನು ಬರೆದುಕೊಳ್ಳಬಹುದು.

ನಿಧಾನಗತಿಯೇ ದೋಷವಾದರೆ ಅದಕ್ಕೂ ಮದ್ದುಂಟು. ಚಾರ್ಜರನ್ನೂ ಬ್ಯಾಟರಿಯನ್ನೂ ಕಳಚಿ, ಹಳೆಯ ಹಾರ್ಡ್‌ಡಿಸ್ಕಿನ ಸ್ಥಾನದಲ್ಲಿ 2.5 ಇಂಚಿನ ಎಸ್‌ಎಸ್‌ಡಿಯನ್ನು ಕೂಡಿಸಿ, ಹಗುರವಾದ ಲಿನಕ್ಸನ್ನು ಅಳವಡಿಸಿದರೆ ಬರವಣಿಗೆಗೂ ಪಾಠಗಳಿಗೂ ಅದು ಒದಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಬಳಸಕೂಡದು. ಕಸದ ಬುಟ್ಟಿಗೂ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಹೊಸ ಯಂತ್ರಕ್ಕೆಂದು ತೆಗೆದಿರಿಸಿದ ಹಣ ಆ ವರ್ಷ ಮಗಳ ಕಾಲೇಜು ಶುಲ್ಕಕ್ಕಾದರೂ ಒದಗೀತು.