ಹಗ್ಗ ಹಿಡಿಯುವವರು ಯಾರು?

ವಿಜಯಪುರ ಸೀಮೆಯ ರೈತ ಖಿಲಾರಿ ಹೋರಿಕರು ಕೊಳ್ಳಲು ಜಾತ್ರೆಗೆ ಹೋದರೆ ಕೋಡು ನೋಡುತ್ತಾನೆ, ಮೈಕಟ್ಟು ನೋಡುತ್ತಾನೆ, ಹಲ್ಲು ಎಣಿಸುತ್ತಾನೆ, ಸುಳಿ ಪರೀಕ್ಷಿಸುತ್ತಾನೆ. ಎಲ್ಲವೂ ಮನಸ್ಸಿಗೆ ಬಂದ ಮೇಲೂ ದುಡ್ಡು ಎಣಿಸುವ ಮೊದಲು ಜೊತೆಗೆ ಬಂದ ಹಿರಿಯರು ಒಂದು ಮಾತು ಕೇಳಿಯೇ ಕೇಳುತ್ತಾರೆ: ‘ಇದನ್ನು ಪಳಗಿಸುವವರು ಯಾರು? ಹಗ್ಗ ಹಿಡಿಯುವವರು ಯಾರು?’ ಉತ್ತರ ಸರಿಯಾಗಿ ಬಾರದಿದ್ದರೆ ಹೋರಿ ಎಷ್ಟೇ ಚೆಂದವಿರಲಿ, ಬರಿಗೈಯಲ್ಲಿ ಮರಳುತ್ತಾರೆ. ಹಿಡಿಯುವ ಕೈ ಇಲ್ಲದ ಮನೆಯಲ್ಲಿ ಬಲಿಷ್ಠ ಪ್ರಾಣಿ ಶೋಭೆಯಲ್ಲ, ಗಂಡಾಂತರ ಎಂಬುದು ಅವರಿಗೆ ಗೊತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಈ ವಿವೇಕವನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಆದರೆ ಅಂಥದೇ ಒಂದು ಮನೆಯಲ್ಲಿ ಎಂಟನೆಯ ತರಗತಿಯ ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿ ‘ನನಗೆ ರಾಟ್‌ವೀಲರ್ ಮರಿ ಬೇಕು’ ಎಂದು ಹಟ ಹಿಡಿದಾಗ ಈ ಪ್ರಶ್ನೆ ಹೇಗೋ ಮರೆತುಹೋಗುತ್ತದೆ. ಮರಿ ಕಪ್ಪಗೆ, ದುಂಡಗೆ, ಕಣ್ಣಿನ ಮೇಲೆ ಕಂದು ಬೊಟ್ಟು ಇಟ್ಟುಕೊಂಡು ಮುದ್ದಾಗಿದೆ. ಅಪ್ಪನಿಗೂ ತೋಟದ ವಸ್ತಿಗೆ ಕಾವಲು ಬೇಕಾಗಿದೆ. ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬ ವಿಚಾರಣೆ ಶುರುವಾಗುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ದನ ಹೊಡೆಯುತ್ತಿದ್ದ ನಾಯಿ

ರಾಟ್‌ವೀಲರ್ ಎಂಬುದು ಊರಿನಿಂದ ಬಂದ ಹೆಸರು. ಜರ್ಮನಿಯ ದಕ್ಷಿಣ ಭಾಗದಲ್ಲಿ ನೆಕ್ಕಾರ್ ನದಿಯ ಮೇಲೆ ರೋಟ್‌ವೈಲ್ ಎಂಬ ಹಳೆಯ ಪಟ್ಟಣವಿದೆ. ರೋಮನ್ನರ ಕಾಲದಿಂದ ಇದ್ದ ಈ ಊರು ಮುಂದೆ ದನದ ವ್ಯಾಪಾರಕ್ಕೆ ಹೆಸರಾಯಿತು. ಅಲ್ಲಿಯ ಕಟುಕರು ದನದ ಹಿಂಡನ್ನು ಊರಿಂದೂರಿಗೆ ಹೊಡೆಯಲು, ಮಾಂಸದ ಸಣ್ಣ ಗಾಡಿ ಎಳೆಸಲು, ರಾತ್ರಿ ಕಾವಲಿಗೆ ಈ ನಾಯಿಯನ್ನು ಸಾಕಿದರು. ಮೊಂಡ ಎತ್ತಿನೆದುರು ಹಿಂಜರಿಯದೆ ನಿಲ್ಲುವುದು, ಒಡೆಯನಿಂದ ದೂರವಿದ್ದಾಗಲೂ ತಾನೇ ತೀರ್ಮಾನಿಸುವುದು ಅದಕ್ಕೆ ತಲೆಮಾರುಗಳಿಂದ ಬಂದ ಗುಣಗಳು. ರೈಲು ಬಂದ ಮೇಲೆ ದನ ನಡೆಸುವ ಕೆಲಸ ಹೋಯಿತು; ತಳಿಯೇ ಅಳಿದುಹೋಗುವ ಹಂತಕ್ಕೆ ಬಂತು. 1910ರಲ್ಲಿ ಜರ್ಮನಿಯಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ದೊರೆತ ಮೇಲೆ ಮತ್ತೆ ಚಿಗುರಿತು.

ಇದನ್ನು ಹೇಳಲು ಕಾರಣವುಂಟು. ರಾಟ್‌ವೀಲರ್ ಮಡಿಲಲ್ಲಿ ಕೂರಿಸಿ ಆಡಿಸಲೆಂದು ಬೆಳೆಸಿದ ನಾಯಿಯಲ್ಲ. ದುಡಿಯಲೆಂದು ಬೆಳೆಸಿದ ನಾಯಿ. ಪೂರ್ಣ ಬೆಳೆದ ಗಂಡು ಸುಮಾರು 50 ಕಿಲೊ ತೂಗುತ್ತದೆ, ಭುಜದವರೆಗೆ 61ರಿಂದ 68 ಸೆಂಟಿಮೀಟರ್ ಎತ್ತರ. ಅಂದರೆ ಎಂಟನೆಯ ತರಗತಿಯ ಹುಡುಗನಿಗಿಂತ ಹೆಚ್ಚು ಭಾರ. ಮನೆಯವರ ಮೇಲೆ ಅದಕ್ಕೆ ಪ್ರಾಣ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನೆರಳಿನಂತೆ ಹಿಂಬಾಲಿಸುತ್ತದೆ. ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಏನೂ ಕಲಿಸದೆ ಬಿಟ್ಟರೆ ಯಾರು ತನ್ನವರು, ಯಾರು ಪರಕೀಯರು ಎಂಬುದನ್ನು ತಾನೇ ತೀರ್ಮಾನಿಸುತ್ತದೆ. ಅಪಾಯ ಇರುವುದು ಅಲ್ಲಿ.

ಷೋಕಿಗೆ ತೆತ್ತ ಬೆಲೆ

1990ರ ದಶಕದ ಮೊದಲ ಅರ್ಧದಲ್ಲಿ ಅಮೆರಿಕದಲ್ಲಿ ರಾಟ್‌ವೀಲರ್ ಸಾಕುವುದು ದೊಡ್ಡ ಷೋಕಿಯಾಯಿತು. ಅಲ್ಲಿಯ ಕೆನಲ್ ಕ್ಲಬ್ಬಿನಲ್ಲಿ ವರ್ಷಕ್ಕೆ ಒಂದು ಲಕ್ಷದಷ್ಟು ನಾಯಿಗಳು ನೋಂದಣಿಯಾದವು. ಅದೇ ದಶಕದಲ್ಲಿ ಮನುಷ್ಯರ ಸಾವಿಗೆ ಕಾರಣವಾದ ನಾಯಿಗಳ ಪಟ್ಟಿಯಲ್ಲೂ ಅದರ ಹೆಸರು ಮೇಲಕ್ಕೇರಿತು. 1979ರಿಂದ 1998ರವರೆಗಿನ ಇಂಥ ಪ್ರಕರಣಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಪಿಟ್‌ಬುಲ್ ಮಾದರಿಯ ನಾಯಿಗಳು ಮತ್ತು ರಾಟ್‌ವೀಲರ್‌ಗಳಿದ್ದವು. ಆದರೆ ಅದೇ ಅಧ್ಯಯನ ಕನಿಷ್ಠ ಇಪ್ಪತ್ತೈದು ತಳಿಗಳು ಇಂಥ ಘಟನೆಗಳಲ್ಲಿ ಇದ್ದುದನ್ನು ಕಂಡಿತು. ತಳಿಯೊಂದನ್ನೇ ದೂರಿದರೆ ಪರಿಹಾರ ಸಿಗದು ಎಂದೂ ಎಚ್ಚರಿಸಿತು. ಬೇಡಿಕೆ ಏರಿದಾಗ ತಂದೆ ತಾಯಿ ನಾಯಿಗಳ ಸ್ವಭಾವ ನೋಡದೆ ಮರಿ ಹಾಕಿಸಿ ಮಾರುವವರು ಹೆಚ್ಚುತ್ತಾರೆ. ಕೊಳ್ಳುವವರಿಗೆ ಅನುಭವ ಇರುವುದಿಲ್ಲ. ಎರಡೂ ಕೂಡಿದರೆ ಅನಾಹುತ.

ನಮ್ಮ ದೇಶದಲ್ಲೂ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿದೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ, ಸಂತಾನಾಭಿವೃದ್ಧಿಗೆ ಅವಕಾಶ ಕೊಡಬಾರದೆಂದು ರಾಜ್ಯಗಳಿಗೆ ಪತ್ರ ಬರೆಯಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಇಂಥ ನಿಷೇಧ ಹೇರುವಂತಿಲ್ಲ ಎಂದಿತು. ಆದರೆ ನಾಯಿ ಮಾಡುವ ಹಾನಿಗೆ ಒಡೆಯನೇ ಹೊಣೆ ಎಂಬ ಮಾತನ್ನು ನ್ಯಾಯಾಲಯ ಬಿಟ್ಟುಕೊಡಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕೋರ್ಟು ಬಾಗಿಲು ತೆರೆದಿದೆ ಎಂದರೆ ಹೊಣೆ ಮನೆಯೊಳಗೆ ಬಂದು ಕುಳಿತಿದೆ ಎಂದೇ ಅರ್ಥ.

ಮರಿ ಬೆಳೆಯುತ್ತದೆ, ಹುಡುಗ ಹೋಗುತ್ತಾನೆ

ಈಗ ಆ ಹುಡುಗನ ಮನೆಗೆ ಮರಳೋಣ. ಎಂಟನೆಯ ತರಗತಿಯಲ್ಲಿ ಮರಿ ಬಂತು. ಮೊದಲ ವರ್ಷ ಶಾಲೆ ಬಿಟ್ಟೊಡನೆ ಓಡಿ ಬಂದು ಅದರ ಜೊತೆ ಆಟ. ಒಂಬತ್ತನೆಯ ತರಗತಿಗೆ ಬರುವಾಗ ನಾಯಿ ಅವನನ್ನು ಎಳೆದುಕೊಂಡು ಹೋಗುವಷ್ಟು ಬಲಿತಿದೆ. ಹತ್ತನೆಯ ತರಗತಿಯಲ್ಲಿ ಟ್ಯೂಷನ್, ಪರೀಕ್ಷೆ, ಅಡ್ಡಾಡಿಸಲು ಸಮಯವಿಲ್ಲ. ಮರುವರ್ಷ ಪಿಯುಸಿಗೆಂದು ಹುಡುಗ ವಿಜಯಪುರಕ್ಕೋ ಧಾರವಾಡಕ್ಕೋ ಹೋಗಿ ಹಾಸ್ಟೆಲ್ ಸೇರುತ್ತಾನೆ. ಆಗ ನಾಯಿಗೆ ಮೂರು ವರ್ಷ. ಮೈಯಲ್ಲಿ ತುಂಬು ಬಲ. ಅದರ ಆಯುಷ್ಯ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ. ಇನ್ನುಳಿದ ಐದಾರು ವರ್ಷ ಅದನ್ನು ನೋಡಿಕೊಳ್ಳಬೇಕಾದವರು ಮರಿ ಬೇಡವೆಂದಿದ್ದ ತಾಯಿ ಮತ್ತು ಮೊಣಕಾಲು ನೋವಿನ ಅಜ್ಜಿ.

ಮುಂದೆ ಏನಾಗುತ್ತದೆಂದು ಹೇಳಲು ಜೋಯಿಸರು ಬೇಕಿಲ್ಲ. ನಾಯಿಯನ್ನು ಹಿತ್ತಿಲ ಬೇವಿನ ಗಿಡಕ್ಕೆ ಸರಪಳಿ ಹಾಕಿ ಕಟ್ಟುತ್ತಾರೆ. ಹೊತ್ತಿಗೆ ಅನ್ನ ಹಾಕುತ್ತಾರೆ, ಅಷ್ಟೇ. ದಿನವಿಡೀ ಕಟ್ಟಿಹಾಕಿದ ನಾಯಿಗೆ ಪ್ರಪಂಚವೆಂದರೆ ಸರಪಳಿಯಷ್ಟು ಉದ್ದದ ನೆಲ. ಆ ನೆಲಕ್ಕೆ ಕಾಲಿಟ್ಟವರೆಲ್ಲ ಶತ್ರುಗಳು. ಒಂದು ದಿನ ಕೊಂಡಿ ಕಳಚುತ್ತದೆ. ಆಗ ಎದುರಿಗೆ ಸಿಗುವುದು ಕಳ್ಳನಲ್ಲ, ಚೆಂಡು ಹುಡುಕಿಕೊಂಡು ಬಂದ ನೆರೆಮನೆಯ ಮಗು. 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಅಡ್ಡಾಡಿಸದಿರುವುದನ್ನೇ ಅಪರಾಧವೆಂದು ಎಣಿಸುತ್ತದೆ. ಕಾಯಿದೆಯ ಈ ಮಾತು ನಾಯಿಗೆ ದಯೆ, ಮನುಷ್ಯನಿಗೆ ರಕ್ಷೆ.

ಆದ್ದರಿಂದ ಪಾಲಕರು ಕೇಳಬೇಕಾದದ್ದು ‘ಮಗನಿಗೆ ಇಷ್ಟವೇ?’ ಎಂದಲ್ಲ. ‘ಮಗ ಮನೆಯಲ್ಲಿ ಇಲ್ಲದಾಗ ದಿನಕ್ಕೆ ಎರಡು ಸಲ ಇದರ ಹಗ್ಗ ಹಿಡಿಯುವ, ಇದು ಮಾತು ಕೇಳುವ ದೊಡ್ಡವರು ಮನೆಯಲ್ಲಿ ಇದ್ದಾರೆಯೇ?’ ಎಂದು. ಹೌದೆಂದಾದರೆ ಮುಂದಿನ ಮಾತು.

ಮೊದಲ ವರ್ಷದ ಪಾಠ

ಮರಿಯನ್ನು ಎಂಟು ವಾರಕ್ಕಿಂತ ಮೊದಲು ತಾಯಿಯಿಂದ ಬಿಡಿಸಿ ತರಬಾರದು. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳು ಅದಕ್ಕಿಂತ ಚಿಕ್ಕ ಮರಿಯ ಮಾರಾಟವನ್ನು ತಡೆಯುತ್ತವೆ. ಸಾಧ್ಯವಾದರೆ ತಾಯಿಯನ್ನು ನೋಡಿಯೇ ಮರಿ ಆರಿಸಬೇಕು. ಅಪರಿಚಿತರನ್ನು ಕಂಡು ತಾಯಿ ಬೆದರಿ ಮೈಮೇಲೆ ಬರುವಂತಿದ್ದರೆ ಮರಿ ಬೇಡ.

ಮೊದಲ ಮೂರೂವರೆ ತಿಂಗಳಲ್ಲಿ ಕಂಡದ್ದನ್ನು ನಾಯಿ ಜೀವನವಿಡೀ ತನ್ನದೆಂದುಕೊಳ್ಳುತ್ತದೆ. ಬಸ್ಸು, ಟ್ರ್ಯಾಕ್ಟರ್, ಎತ್ತಿನ ಬಂಡಿ, ಪಟಗ ಸುತ್ತಿದ ಮುದುಕ, ಬುರ್ಖಾ ಹಾಕಿದ ಹೆಂಗಸು, ಸೈಕಲ್ ಮೇಲಿನ ಮಕ್ಕಳು, ಜಾತ್ರೆಯ ಹಲಗೆ ಸದ್ದು ಎಲ್ಲವನ್ನೂ ಆಗಲೇ ತೋರಿಸಬೇಕು. ಲಸಿಕೆಗಳು ಪೂರ್ಣವಾಗುವವರೆಗೆ ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ತೋರಿಸಿದರಾಯಿತು. ‘ಕಾವಲಿಗೆ ಬೇಕು, ಯಾರನ್ನೂ ಮುಟ್ಟಲು ಬಿಡಬೇಡಿ’ ಎಂದು ಕತ್ತಲ ಕೋಣೆಯಲ್ಲಿ ಬೆಳೆಸುವುದು ದೊಡ್ಡ ತಪ್ಪು. ಜನರನ್ನೇ ಕಾಣದ ನಾಯಿ ಶೂರನಾಗುವುದಿಲ್ಲ, ಪುಕ್ಕಲಾಗುತ್ತದೆ. ಪುಕ್ಕಲು ನಾಯಿಯೇ ಮೊದಲು ಕಚ್ಚುವುದು. ಬಡಿದು ಕಲಿಸುವುದೂ ಸಲ್ಲ. ಕೂರು, ನಿಲ್ಲು, ಬಾ, ಬಿಡು ಎಂಬ ನಾಲ್ಕು ಮಾತನ್ನು ಮನೆಯವರೆಲ್ಲ ಒಂದೇ ರೀತಿ, ಒಂದೇ ಪದದಲ್ಲಿ ಹೇಳಿ, ಕೇಳಿದಾಗ ತಿನಿಸು ಕೊಟ್ಟು ಕಲಿಸಿದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ಸೀಮೆಯ ಬಿಸಿಲನ್ನು ಮರೆಯುವಂತಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ತಾಲ್ಲೂಕುಗಳಲ್ಲಿ ಕಪ್ಪು ಮೈಯ, ಒತ್ತುಗೂದಲಿನ ನಾಯಿಗೆ ಹಗಲು ಕಳೆಯುವುದೇ ಕಷ್ಟ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು. ಹೊತ್ತೇರುವ ಮೊದಲು ಮತ್ತು ಹೊತ್ತು ಮುಳುಗಿದ ಮೇಲೆ ಅಡ್ಡಾಡಿಸಬೇಕು. ತಗಡಿನ ಶೆಡ್ಡು ಬೇಡ; ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಯ ಪಡಸಾಲೆ ಅದಕ್ಕೂ ಹಿತ.

ಇನ್ನೊಂದು ಸಂಗತಿ ಇಲ್ಲಿಯವರು ವಿಶೇಷವಾಗಿ ತಿಳಿಯಬೇಕು. ದ್ರಾಕ್ಷಿಯೂ ಮನೂಕವೂ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತವೆ. ತೋಟದಲ್ಲಿ ಉದುರಿದ ಹಣ್ಣು, ಒಣಗಿಸುವ ಶೆಡ್ಡಿನಲ್ಲಿ ಚೆಲ್ಲಿದ ಮನೂಕ ಮಕ್ಕಳಿಗೆ ಸಿಹಿ, ನಾಯಿಗೆ ಪ್ರಾಣಾಂತಿಕ. ಉಳ್ಳಾಗಡ್ಡಿಯೂ ಅದರ ರಕ್ತಕ್ಕೆ ಕೇಡು. ಬರೀ ರೊಟ್ಟಿ ಮಜ್ಜಿಗೆಯಲ್ಲೂ ಇಷ್ಟು ದೊಡ್ಡ ಮೈ ಕಟ್ಟಲಾಗದು. ಆಹಾರದ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

ಮಕ್ಕಳು ಅರಿಯಬೇಕಾದದ್ದು

ನಾಯಿ ಎಷ್ಟೇ ಸಾಧುವಿರಲಿ, ಚಿಕ್ಕ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡಬಾರದು. ಅದು ಉಣ್ಣುವಾಗ, ಮಲಗಿರುವಾಗ, ಮರಿಗಳ ಜೊತೆ ಇರುವಾಗ ಹತ್ತಿರ ಹೋಗಬಾರದು. ಬೇರೆಯವರ ನಾಯಿಯನ್ನು ಒಡೆಯನನ್ನು ಕೇಳದೆ ಮುಟ್ಟಬಾರದು. ಅಪರಿಚಿತ ನಾಯಿ ಎದುರು ಬಂದರೆ ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಮೈಗಂಟಿಸಿ ಗಿಡದಂತೆ ನಿಂತು ಮೆಲ್ಲಗೆ ಹಿಂದೆ ಸರಿಯಬೇಕು.

ನಾಯಿ ಕಚ್ಚಿದರೆ ಅಥವಾ ಪರಚಿದರೆ ಬೈಸಿಕೊಳ್ಳುವ ಭಯದಿಂದ ಮುಚ್ಚಿಡುವ ಮಕ್ಕಳುಂಟು. ಅದು ಪ್ರಾಣಕ್ಕೆ ಕುತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವ ಮೊದಲು ಲಸಿಕೆ ಹಾಕಿಸಿದರೆ ಅದನ್ನು ತಡೆಯಬಹುದು. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ, ಅರಿಸಿನ ಹಚ್ಚಬಾರದು. ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದು ಮುಗಿಸಲೇಬೇಕು. ಸಾಕಿದ ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಆರಂಭಿಸಿ, ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು. ಇಂಥ ಮಾತು ಹೇಳಲು ಮಕ್ಕಳಿಗೆ ಧೈರ್ಯ ಬರುವ ಹಾಗೆ ಮನೆಯಿರಬೇಕು ಎಂಬುದು ಪಾಲಕರಿಗೆ ಪಾಠ.

ಪಕ್ಕದ ಊರಿನ ನಾಯಿ

1997ರವರೆಗೆ ಇದೇ ಜಿಲ್ಲೆಯಲ್ಲಿದ್ದು ಈಗ ಬಾಗಲಕೋಟೆಗೆ ಸೇರಿರುವ ಮುಧೋಳದ ನಾಯಿಯನ್ನು ಇಲ್ಲಿ ನೆನೆಯಬೇಕು. ಕುರಿಗಾರರ, ಬೇಟೆಗಾರರ ಜೊತೆ ಬೆಳೆದ ತಳಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದಕ್ಕೆ ಆಸರೆಯಾದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಅದರ ಚಿತ್ರ ಬಂತು. ಮುಂದೆ ಭಾರತೀಯ ಸೇನೆಯೂ ಅದಕ್ಕೆ ತರಬೇತಿ ಕೊಟ್ಟಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಎತ್ತರದಲ್ಲಿ ರಾಟ್‌ವೀಲರ್‌ಗೆ ಕಡಿಮೆಯಿಲ್ಲದ ಈ ನಾಯಿ ತೂಕದಲ್ಲಿ ಅದರ ಅರ್ಧದಷ್ಟು. ಬಿಸಿಲು ಅದಕ್ಕೆ ಹೊಸತಲ್ಲ. ಹಾಗೆಂದು ಅದೂ ಆಟಿಕೆಯಲ್ಲ. ಓಡಲು ಬಯಲು ಬೇಕು, ಅಪರಿಚಿತರು ಮುಟ್ಟಿದರೆ ಅದಕ್ಕೆ ಸೇರದು. ಅದನ್ನೂ ಗಿಡಕ್ಕೆ ಕಟ್ಟಿ ಮರೆತರೆ ಫಲ ಅದೇ. ತಳಿ ಯಾವುದೇ ಇರಲಿ, ಪ್ರಶ್ನೆ ಬದಲಾಗುವುದಿಲ್ಲ.

ಹಟ ಹಿಡಿದ ಹುಡುಗನಿಗೆ ಬೇಡವೆಂದು ಗದರಿಸುವುದಕ್ಕಿಂತ ಒಂದು ಪರೀಕ್ಷೆ ಒಡ್ಡುವುದು ಮೇಲು. ಮೂರು ತಿಂಗಳು ದಿನವೂ ಸೂರ್ಯ ಹುಟ್ಟುವ ಮೊದಲು ಎದ್ದು ಅರ್ಧ ಗಂಟೆ ನಡೆಯಲಿ, ಸಂಜೆ ಮತ್ತೆ ಅರ್ಧ ಗಂಟೆ. ಕೈಯಲ್ಲಿ ಬರಿ ಹಗ್ಗವಿರಲಿ, ನಾಯಿ ಬೇಡ. ಜೊತೆಗೆ ಮನೆಯ ದೊಡ್ಡವರೊಬ್ಬರು, ಅವನು ಹಾಸ್ಟೆಲಿಗೆ ಹೋದ ಮೇಲೆ ಆ ಹಗ್ಗ ಹಿಡಿಯಬೇಕಾದವರು, ನಡೆಯಲಿ. ಮೂರು ತಿಂಗಳ ಮೇಲೂ ಇಬ್ಬರೂ ತಪ್ಪದೆ ಹೊರಟರೆ ಆ ಮನೆಗೆ ನಾಯಿ ಬರಬಹುದು. ಎರಡನೆಯ ವಾರಕ್ಕೇ ಹಗ್ಗ ಗೂಟಕ್ಕೆ ಸೇರಿದರೆ, ಒಂದು ಮೂಕಪ್ರಾಣಿ ಸರಪಳಿಯಿಂದ ಉಳಿಯಿತು, ಓಣಿಯ ಮಕ್ಕಳೂ ಉಳಿದರು ಎಂದುಕೊಳ್ಳಬೇಕು.